ನೂರು ಮೊಳದ ಕಡತ

ಹೆಸರು ಹೇಳಿದರೆ ಆ ಊರಿನವರಿಗೆ ಸಿಟ್ಟು ಬಂದೀತು. ಯಾವುದೋ ಒಂದು ರಾಜಧಾನಿ ಅಂದುಕೊಳ್ಳಿ. ಅಲ್ಲಿ ಪ್ರಜೆಗಳ ದೂರಿಗೆಂದೇ ಒಂದು ಕಡತವಿತ್ತು. ಇದ್ದಿಲು ಬಳಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯುವುದು, ತುಂಬಿದರೆ ಇನ್ನೊಂದು ತುಂಡು ಹೊಲಿದು ಮುಂದುವರಿಸುವುದು. ಕಡತ ನೂರು ಮೊಳ ಮುಟ್ಟಿದ ದಿನ ಅರಸನೇ ಇಳಿದು ಬಂದು ಓದಿಸಿ ಕೇಳಬೇಕು, ಕೇಳಿದ್ದನ್ನು ಅಂದೇ ನಡೆಸಿಕೊಡಬೇಕು. ಅದು ಹಿರಿಯರ ಕಟ್ಟಳೆ.

ಕಡತದ ಮನೆಯ ಬಾಗಿಲು ಕಾಯುವವನು ದುಂಡಪ್ಪ. ಕಡತ ಉದ್ದವಾಗಬೇಕಿದ್ದರೂ ಗಿಡ್ಡವಾಗಬೇಕಿದ್ದರೂ ಮೊದಲು ಅವನನ್ನು ಕೇಳಬೇಕು. ಅವನು ಹೂಂ ಅಂದರೆ ಉಂಟು, ಊಹೂಂ ಅಂದರೆ ಇಲ್ಲ. ಕೆಲಸ ಮುಗಿದ ಮೇಲೂ ಬಂದು ತಿಳಿಸಬೇಕು. ಅವನು ಅಳೆದು ನೋಡುತ್ತಿದ್ದ. ಅಷ್ಟು ಅಧಿಕಾರ ಸೇನಾಪತಿಗೂ ಇರಲಿಲ್ಲ ಬಿಡಿ.

ದುಂಡಪ್ಪ ಕೆಳಗೇರಿಯವನು. ಅಲ್ಲಿದ್ದ ಒಂದೇ ಬಾವಿಯ ಜಾಗ ಮಂತ್ರಿಯ ಹೂದೋಟಕ್ಕೆ ಬೇಕಿತ್ತು. ಬಾವಿಗೆ ಬೀಗ ಬಿದ್ದು ಮೂರು ವರ್ಷ. ದೂರದ ಹಳ್ಳದಿಂದ ನೀರು ಹೊತ್ತು ಹೊತ್ತು ಅವನ ಅಕ್ಕ ಕೆಂಚವ್ವನ ಸೊಂಟ ಬಿದ್ದುಹೋಗಿತ್ತು. ಕಡತದ ತುಂಬ ಆ ಬಾವಿಯದೇ ಗೋಳು.

ಕಡತ ತೊಂಬತ್ತು ದಾಟಿತು ನೋಡಿ, ದುಂಡಪ್ಪನಿಗೆ ಅನ್ನ ಸೇರದಾಯಿತು. ತೊಂಬತ್ತೇಳಕ್ಕೆ ಮಂತ್ರಿಯ ಕಡೆಯವರು ಕತ್ತರಿ ಹಿಡಿದು ಬಂದರು.

"ಏಳು ಮೊಳ ಹಳೆಯದಾಗಿದೆ, ತೆಗೆಯುತ್ತೇವೆ."

"ಊಹೂಂ."

"ಹೋಗಲಿ, ಎರಡು?"

"ಒಂದು ನೂಲೂ ಇಲ್ಲ."

ಬಾಲ ಮುದುರಿಕೊಂಡು ಹೋದರು. ದುಂಡಪ್ಪನಿಗೆ ಹಾಲು ಕುಡಿದಷ್ಟು ಸಂತೋಷ.

ತೊಂಬತ್ತೊಂಬತ್ತು ಮುಟ್ಟಿದ ಬೆಳಿಗ್ಗೆ ಅವರೇ ಮತ್ತೆ ಬಂದರು. ಈ ಸಲ ಕೈಯಲ್ಲಿ ನೀರಿನ ಕೊಡ, ಒದ್ದೆ ಬಟ್ಟೆ, ಬಳಪ.

"ಕತ್ತರಿ ತಂದಿಲ್ಲ, ನೀವೇ ನೋಡಿ. ಅರಸರು ಬಂದು ಕೇಳುವ ಕಡತ, ಅಕ್ಷರ ಮಾಸಿವೆ. ಒರೆಸಿ ತಿದ್ದುತ್ತೇವೆ. ಉದ್ದ ಹೆಚ್ಚೂ ಆಗದು, ಕಮ್ಮಿಯೂ ಆಗದು."

"ಅಳತೆ ಬದಲಾಗದಿದ್ದರೆ ನನ್ನನ್ನೇನು ಕೇಳುತ್ತೀರಿ? ಹೋಗಿ," ಅಂದ ದುಂಡಪ್ಪ.

ಸಂಜೆ ಅಳೆದ. ತೊಂಬತ್ತೊಂಬತ್ತು, ಕರಾರುವಾಕ್ಕು. ಅಂಚಿಗೆ ಕೋಲಿಟ್ಟು ಅಳೆಯುವವನಿಗೆ ನಡುವಿನ ಅಕ್ಷರದ ಗೊಡವೆ ಯಾಕೆ?

ಮರುದಿನ ಕೆಂಚವ್ವ ಕೊನೆಯ ತುಂಡು ತಂದಳು. "ತಮ್ಮಾ, ಹೊಲಿಯಲೇನೋ?" ಅನ್ನುವಷ್ಟರಲ್ಲೇ ಅವನು ಹೂಂ ಅಂದಿದ್ದ. ನಗಾರಿ ಬಡಿಯಿತು. ಕೆಳಗೇರಿಗೆ ಕೆಳಗೇರಿಯೇ ಖಾಲಿ ಕೊಡ ಹಿಡಿದು ಬಂದು ನಿಂತಿತು.

ಅರಸ ಮೊದಲು ದುಂಡಪ್ಪನನ್ನು ಕೇಳಿದ. "ಇದಕ್ಕೆ ಯಾರಾದರೂ ಕೈಹಾಕಿದ್ದುಂಟೇ?"

"ಒಂದು ನೂಲೂ ಹೋಗಿಲ್ಲ, ಮಹಾಪ್ರಭು. ನನ್ನ ತಲೆಯಾಣೆ."

ಓದುವವನು ಶುರುಮಾಡಿದ. "ಕೆಳಗೇರಿಯವರಾದ ನಾವು ಬಲು ಸುಖವಾಗಿದ್ದೇವೆ. ಈ ಹಾಳು ಬಾವಿಯದೊಂದೇ ಕಾಟ. ದಯಮಾಡಿ ಮುಚ್ಚಿಸಿಕೊಡಬೇಕು." ಮೊಳಮೊಳಕ್ಕೂ ಅದೇ. ಕೆಂಚವ್ವನ ತುಂಡು ಬರುವ ಮುಂಚೆಯೇ ಅರಸ ಕಣ್ಣೊರೆಸಿಕೊಂಡು ಎದ್ದ. "ಇಷ್ಟು ಜನ ಇಷ್ಟು ಕಾಲ ಬೇಡಿದ್ದಾರೆ. ಇಂದೇ ಆಗಲಿ."

ಮಣ್ಣಿನ ಗಾಡಿಗಳು ಆಗಲೇ ಹೊರಟಿದ್ದವು. ದುಂಡಪ್ಪ ಓಡಿಹೋಗಿ ಮುಂದಿನ ಎತ್ತಿನ ಮೂಗುದಾರ ಹಿಡಿದ. ಗಾಡಿಯ ಮೇಲಿದ್ದ ಮೇಸ್ತ್ರಿ ಸಂತೋಷದಿಂದ ಕೆಳಗಿಳಿದು ಕೈಮುಗಿದ.

"ಒಳ್ಳೆಯ ಹೊತ್ತಿಗೆ ಬಂದಿರಿ. ಬಾವಿ ಎಷ್ಟು ಆಳ, ಸ್ವಲ್ಪ ಅಳೆದು ಹೇಳಿ. ನಿಮ್ಮ ಮಾತನ್ನಾದರೆ ಎಲ್ಲರೂ ನಂಬುತ್ತಾರೆ."