ಅತ್ತೆಯ ಬಕೆಟ್

ನನಗೆ ತಾಳ್ಮೆ ಕಡಿಮೆ, ಒಪ್ಪಿಕೊಳ್ಳುತ್ತೇನೆ. ಆದರೆ ಕಾರಿನ ಡಿಕ್ಕಿಯಲ್ಲಿ ಬಕೆಟ್, ಚೊಂಬು, ಟವೆಲ್ಲು, ರೇಷ್ಮೆ ಸೀರೆ ಎಲ್ಲ ತುಂಬಿಕೊಂಡು ಮ್ಯೂಸಿಯಂಗೆ ಹೊರಟರೆ ಯಾರಿಗೆ ತಾನೇ ತಲೆ ಕೆಡುವುದಿಲ್ಲ?

ಮೈಸೂರಿನಿಂದ ಸ್ಟಾಕ್‌ಪೋರ್ಟ್‌ನ ನಮ್ಮ ಮನೆಗೆ ಬಂದಿದ್ದ ಅತ್ತೆ ಪ್ರಭಾವತಿಯವರು ಮರುದಿನ ವಿಮಾನ ಹತ್ತಬೇಕಿತ್ತು. ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ನೋಡಬೇಕೆಂದು ಆರು ತಿಂಗಳಿಂದ ಅವರದ್ದು ಒಂದೇ ಜಪ. ಒಮ್ಮೆ ಹಿಮ ಬಿತ್ತು, ಒಮ್ಮೆ ಕಾರು ಕೆಟ್ಟಿತು. ಉಳಿದದ್ದು ಅದೊಂದೇ ಭಾನುವಾರ. ಅದೇ ದಿನ ನನ್ನ ಮಗಳು ಹಂಸಾ ನಾಟಿಂಗ್‌ಹ್ಯಾಮ್ ಹತ್ತಿರದ ಮ್ಯೂಸಿಯಂನಲ್ಲಿ, ನಾಜಿಗಳು ಕೊಂದ ಯಹೂದಿ ಮಕ್ಕಳಲ್ಲಿ ಒಬ್ಬಳ ಬಗ್ಗೆ ಸ್ಮರಣೆಯ ಸಭೆಯಲ್ಲಿ ಓದಬೇಕಿತ್ತು.

"ಸಾವಿನ ಮನೆಗೆ ಹೋಗಿ, ಸ್ನಾನ ಮಾಡದೆ ದೇವರ ಮುಂದೆ ನಿಲ್ಲಕ್ಕಾಗತ್ತಾ?" ಎಂದರು ಅತ್ತೆ.

"ಅದು ಮ್ಯೂಸಿಯಂ, ಅತ್ತೆ. ಎಂಬತ್ತು ವರ್ಷದ ಹಿಂದಿನ ಮಾತು."

"ಸತ್ತವರು ಸತ್ತವರೇ ಅಲ್ವೇನಮ್ಮ?"

ಕೊನೆಗೆ ನನ್ನ ಗಂಡ ದರ್ಶನ್ ರಾಜಿ ಮಾಡಿಸಿದ. ಮೊದಲು ಮ್ಯೂಸಿಯಂ, ಆಮೇಲೆ ದೇವಸ್ಥಾನದ ಪಕ್ಕದಲ್ಲೇ ಇರುವ ಗೆಳೆಯ ಜಯಪ್ರಕಾಶನ ಮನೆಯಲ್ಲಿ ಸ್ನಾನ, ಆಮೇಲೆ ಬಾಲಾಜಿ. ಅಲ್ಲಿ ಶವರ್ ಮಾತ್ರ ಇದೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು, ಬಕೆಟ್ ಹೊರಟಿತು. ಹಂಸಾ ನಾಚಿಕೆಯಿಂದ ಅದರ ಮೇಲೆ ತನ್ನ ಕೋಟು ಮುಚ್ಚಿದಳು.

ಮ್ಯೂಸಿಯಂ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ಬೇಡವೆಂದರೆ ಕೇಳುವವರೇ? ಉಣ್ಣೆಯ ಕಾಲುಚೀಲದಲ್ಲೇ ಮುಂದಿನ ಸಾಲಿಗೆ ಹೋಗಿ ಕೂತರು.

ಹಂಸಾ ಇಂಗ್ಲಿಷಿನಲ್ಲಿ ಓದಿದ್ದನ್ನು ನಾನು ಅತ್ತೆಯ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಪೋಲೆಂಡಿನ ಮಿರ್ಲಾ. ಹನ್ನೆರಡು ವರ್ಷ, ಹಂಸಾಳಷ್ಟೇ. ಅಜ್ಜಿ ಎತ್ತಿಟ್ಟ ಕೆನೆಯನ್ನು ಕದ್ದು ತಿನ್ನುತ್ತಿದ್ದಳೆಂದು ಪಕ್ಕದ ಮನೆಯವರು ಬರೆದಿಟ್ಟಿದ್ದರು. ಅತ್ತೆ ನಕ್ಕರು. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ತಮ್ಮಂದಿರು, ಮಿರ್ಲಾ, ಎಲ್ಲರನ್ನೂ ಒಂದೇ ವಾರದಲ್ಲಿ ಕೊಂದರು.

"ಅವರ ಕಡೆಯವರು ಯಾರೂ ಉಳೀಲಿಲ್ವಾ?"

"ಯಾರೂ ಇಲ್ಲ, ಅತ್ತೆ."

"ಮತ್ತೆ ಇವರು ಹೋದದ್ದಕ್ಕೆ ಸ್ನಾನ ಮಾಡಿದವರು ಯಾರು?"

ಹೊರಡುವಾಗ ಬಾಗಿಲಲ್ಲಿದ್ದ ಅವರ ಚಪ್ಪಲಿಯನ್ನು ಕಾಲ ಬಳಿ ಸರಿಸಿದೆ.

ಜಯಪ್ರಕಾಶನ ಮನೆ ತಲುಪಿದಾಗ ದೇವಸ್ಥಾನ ಮುಚ್ಚಲು ಇನ್ನೊಂದು ಗಂಟೆಯಿತ್ತು. ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದರು. ಉಟ್ಟಿದ್ದು ಹಳೆಯ ಹತ್ತಿ ಸೀರೆ.

"ಅತ್ತೆ, ರೇಷ್ಮೆ ಸೀರೆ ಉಡಿ, ಹೊತ್ತಾಯ್ತು," ಎಂದು ಸಿಡುಕಿದೆ.

"ನೀವು ಹೋಗ್ಬನ್ನಿ, ಉಮಾ. ಆ ಮಗೂಗೆ, ಅವಳ ಮನೆಯವರಿಗೆಲ್ಲ ಅವರ ಕಡೆಯವಳಾಗಿ ನಾನು ಸ್ನಾನ ಮಾಡಿದೀನಿ. ನನಗೀಗ ಸೂತಕ. ದೇವಸ್ಥಾನಕ್ಕೆ ಬರೋ ಹಾಗಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆರು ತಿಂಗಳು ಕಾದವರು, ಗೋಪುರ ಕಾಣುವಷ್ಟು ಹತ್ತಿರ ಬಂದು ನಿಂತುಬಿಟ್ಟಿದ್ದರು.

"ಮುಖ ಯಾಕೆ ಹಾಗೆ ಮಾಡ್ತೀಯ? ದೇವಸ್ಥಾನದ ಕ್ಯಾಂಟೀನಲ್ಲಿ ದೋಸೆ ಚೆನ್ನಾಗಿರತ್ತಂತೆ, ಕಟ್ಟಿಸ್ಕೊಂಡು ಬಾ. ದೋಸೆಗೇನೂ ಸೂತಕ ಇಲ್ಲ."

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹಂಸಾ ಬಕೆಟ್ ಎತ್ತಿಕೊಂಡಳು.

"ಅಜ್ಜಿ, ನಾನೂ ಸ್ನಾನ ಮಾಡ್ಲಾ?"

"ಮಾಡು ಕಂದ. ತಲೆಗೆ ಹಾಕ್ಕೋ."

ದರ್ಶನ್ ಒಬ್ಬನನ್ನೇ ದೋಸೆಗೆ ಕಳಿಸಿದೆ. ಹಂಸಾ ಹೊರಗೆ ಬಂದ ಮೇಲೆ ಬಕೆಟ್ ನಾನು ತೆಗೆದುಕೊಂಡೆ.