ಮೊದಲು ತಿರುಗಿದ ಚಕ್ರ

ನಾನು ಒಂದು ಉಕ್ಕಿನ ಚಕ್ರ. ಊಟದ ತಟ್ಟೆಯಷ್ಟು ಅಗಲ. ಎತ್ತಲು ಹೋದವರಿಗೆ ಮಾತ್ರ ನನ್ನ ತೂಕ ಗೊತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನನ್ನನ್ನೂ ನನ್ನ ಅವಳಿಯನ್ನೂ ಒಂದೇ ದಿಂಡಿನಿಂದ ಕಡೆದರು. ಉಪಗ್ರಹದ ಮುಖ ತಿರುಗಿಸುವುದು ನಮ್ಮ ಕುಲಕಸುಬು. ಶೂನ್ಯದಲ್ಲಿ ಕಾಲೂರಲು ನೆಲವಿಲ್ಲ. ಒಳಗೆ ಚಕ್ರ ಎಡಕ್ಕೆ ಸುತ್ತಿದರೆ ಉಪಗ್ರಹ ಬಲಕ್ಕೆ ಹೊರಳುತ್ತದೆ, ಅಷ್ಟೇ.

ಅವಳಿ ಆಕಾಶಕ್ಕೆ ಆಯ್ಕೆಯಾಯಿತು. ನನ್ನನ್ನು ಪ್ರಯೋಗಾಲಯದಲ್ಲಿ, ಗಾಳಿಯ ಪದರದ ಮೇಲೆ ತೇಲುವ ಒಂದು ಮೇಜಿಗೆ ಬಿಗಿದರು. ಅಲ್ಲಿ ನನ್ನ ಒಡತಿ ಧಾರವಾಡದ ಸಂಯುಕ್ತಾ ಹೆಬ್ಬಳ್ಳಿ. ನಾವು ಯಾವಾಗ, ಎಷ್ಟು ಜೋರಾಗಿ ಸುತ್ತಬೇಕೆಂಬ ಸೂತ್ರ ಬರೆಯುವವಳು ಅವಳೇ. ಬರೆದ ಮೇಲೆ ಅದನ್ನು ಗೋಳು ಹೊಯ್ದುಕೊಳ್ಳುವವಳೂ ಅವಳೇ. ಮೇಜಿನ ಮೂಲೆಗೆ ಸೀಸದ ಗಟ್ಟಿ ಅಂಟಿಸುತ್ತಿದ್ದಳು, ಸೂತ್ರಕ್ಕೆ ಸುಳಿವು ಕೊಡದೆ ನನ್ನನ್ನು ಓಡಿಸುತ್ತಿದ್ದಳು. ಮೇಜು ತೊನೆದಾಡುತ್ತಿತ್ತು, ಕೊನೆಗೆ ಹೇಳಿದ ದಿಕ್ಕಿಗೇ ನಿಲ್ಲುತ್ತಿತ್ತು.

ಅವಳ ಮುಖ್ಯಸ್ಥ ಕಮಲಾಕ್ಷ ಅಡಿಗರಿಗೆ ಇದು ಹಿಡಿಸಲಿಲ್ಲ. "ಹಳೇ ಸೂತ್ರ ಅರ್ಧ ಹೊತ್ತಲ್ಲಿ ತಿರುಗಿಸ್ತಿತ್ತಲ್ರೀ! ಇದ್ಯಾಕೆ ಇಷ್ಟು ನಿಧಾನ?"

"ಅದು ಅಳತಿ ಎಲ್ಲಾ ಖರೇ ಇದ್ದಾಗ, ಸರ್. ಮ್ಯಾಲೆ ಹೋದಮ್ಯಾಲೆ ಏನು ಸಿಕ್ಕೊಂತದೋ, ಏನು ಮುರೀತದೋ! ನಮ್ಮ ಲೆಕ್ಕ ತಪ್ಪಿದ್ರೂ ಇದು ತಪ್ಪಬಾರದು."

ಅಡಿಗರು ಗೊಣಗುತ್ತಲೇ ಒಪ್ಪಿದರು. ಅವಳಿಯ ಜೊತೆ ಅದೇ ಸೂತ್ರ ಮೇಲೆ ಹೋಯಿತು.

ಅವಳಿ ಕಕ್ಷೆ ಸೇರಿದ ವಾರದಲ್ಲೇ ಕೆಟ್ಟ ಸುದ್ದಿ ಬಂತು. ಉಪಗ್ರಹದ ಒಂದು ಸೌರಫಲಕ ಅರ್ಧ ಬಿಚ್ಚಿಕೊಂಡು ಕಚ್ಚಿಕೊಂಡಿತ್ತು. ಭಾರದ ಲೆಕ್ಕವೆಲ್ಲ ಏರುಪೇರು. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತ್ತು. ಉಪಗ್ರಹದ ಕ್ಯಾಮೆರಾ ಅತ್ತ ತಿರುಗಲೇಬೇಕು.

"ತಿರುಗಿಸೋಕೆ ಹೋಗಿ ಅದು ಬುಗುರಿ ಥರ ಸುತ್ತಿದ್ರೆ? ಉಪಗ್ರಹವೇ ಕೈ ತಪ್ಪುತ್ತೆ," ಎಂದರು ಅಡಿಗರು.

"ಮೊದಲ ಇದರ ಮ್ಯಾಲೆ ನೋಡೂಣು," ಎಂದಳು ಸಂಯುಕ್ತಾ. ಅಂಥದೇ ಒಂದು ಫಲಕವನ್ನು ಅರ್ಧ ಮಡಚಿ ಮೇಜಿಗೆ ಸಿಕ್ಕಿಸಿದಳು. ಸೂತ್ರದ ಒಂದಕ್ಷರವನ್ನೂ ಬದಲಿಸಲಿಲ್ಲ.

ನಾನು ಸುತ್ತತೊಡಗಿದೆ. ಫಲಕ ಪಟಪಟ ನಡುಗಿತು. ಮೇಜು ಗುರಿ ದಾಟಿ ಓಲಾಡಿತು. ಅಡಿಗರ ಕೈ ನನ್ನನ್ನು ನಿಲ್ಲಿಸುವ ಕೆಂಪು ಗುಂಡಿಯತ್ತ ಹೋಯಿತು.

"ತಡೀರಿ ಸರ್!"

ನಾನು ಒಮ್ಮೆ ವೇಗ ತಗ್ಗಿಸಿದೆ, ಒಮ್ಮೆ ಏರಿಸಿದೆ. ಪ್ರತಿ ಸಲವೂ ಓಲಾಟ ಕಿರಿದಾಯಿತು. ಮೇಜು ನಿಂತಿತು, ಗುರಿಯತ್ತ ನೆಟ್ಟಗೆ. ಅಡಿಗರು ಕೈ ಹಿಂದೆಗೆದು ಉಸಿರು ಬಿಟ್ಟರು. "ಆಜ್ಞೆ ಕಳಿಸಿ, ಹೆಬ್ಬಳ್ಳಿ."

ಮೇಲೆ ಅವಳಿಯೂ ಹಾಗೇ ಓಲಾಡಿತು, ಹಾಗೇ ನಿಂತಿತು. ಮಧ್ಯಾಹ್ನ ಚಿತ್ರ ಬಂತು. ಚಂಡಮಾರುತ ಎಲ್ಲರೂ ಎಣಿಸಿದ ದಡ ಬಿಟ್ಟು ಉತ್ತರಕ್ಕೆ ಹೊರಳಿತ್ತು. ಅಲ್ಲಿನ ಮೀನುಗಾರರ ಕೇರಿಗಳನ್ನು ಕತ್ತಲಾಗುವ ಮುನ್ನ ತೆರವು ಮಾಡಿದರು. ಗಾಳಿ ಗುಡಿಸಲುಗಳನ್ನು ಒಯ್ದಿತು. ಒಳಗೆ ಯಾರೂ ಇರಲಿಲ್ಲ. ಸುದ್ದಿ ಕೇಳಿದ ಸಂಯುಕ್ತಾ ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡಳು. ಅಡಿಗರು ತಾವೇ ಹೋಗಿ ಚಹಾ ತಂದುಕೊಟ್ಟರು.

ಆಮೇಲೆ ಬಹಳ ವರ್ಷ ದುಡಿದೆ. ಈಗ ನನ್ನ ಬೇರಿಂಗು ಸವೆದು ಗರಗರ ಅನ್ನುತ್ತದೆ. ಅಡಿಗರ ಕುರ್ಚಿಯಲ್ಲಿ ಈಗ ಸಂಯುಕ್ತಾ. ಮೇಜಿಗೆ ಹೊಸ ಚಕ್ರ ಬಂದ ದಿನ ಅವಳೇ ನನ್ನನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ, ಕಿಟಕಿ ಪಕ್ಕದ ಕಪಾಟಿನಲ್ಲಿ ಇಟ್ಟಳು.

ನೋಡಲು ಬರುವವರು "ಇದು ಮೇಲೆ ಹೋಗಿತ್ತಾ?" ಎಂದು ಕೇಳುತ್ತಾರೆ. ಹೋಗಿರಲಿಲ್ಲ. ನನಗೆ ಬೇಸರವಿಲ್ಲ. ಆ ದಿನ ಆಕಾಶದಲ್ಲಿ ಉಪಗ್ರಹ ತಿರುಗಿತಲ್ಲ, ಅದಕ್ಕಿಂತ ಮೊದಲು ಇಲ್ಲಿ ತಿರುಗಿ ನಿಂತವನು ನಾನು.