ಹಿಂದಕ್ಕೆ ನಡೆದ ಮಧ್ಯಾಹ್ನ

ಬೆಳಿಗ್ಗೆ ಹತ್ತು ಗಂಟೆ. ಹಿಂದಿನ ದಿನ ಮಧ್ಯಾಹ್ನ ಮಕ್ಕಳ ಆಸ್ಪತ್ರೆಯ ಫ್ರಿಜ್ ಬಿಸಿಯಾಗಿ, ಒಳಗಿದ್ದ ಲಸಿಕೆಯೆಲ್ಲ ಹಾಳಾಗಿತ್ತು. ಕೂಗಬೇಕಿದ್ದ ಅಲಾರಂ ಮೂರು ಗಂಟೆ ತುಟಿ ಬಿಚ್ಚಿರಲಿಲ್ಲ.

ಆ ಅಲಾರಮ್ಮಿನ ಪ್ರೋಗ್ರಾಂ ಬರೆದವಳು ಅತ್ತಿಗೆ. ಹೊಲಿಗೆ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳೇ ಅವಳ ಆಫೀಸು, ಮೈದುನನೇ ಜೊತೆಗಾರ. ಇಬ್ಬರ ನಡುವೆ ಮೇಜಿನ ಮೇಲಿದ್ದ ಫೋನಿನಲ್ಲಿ ಆಸ್ಪತ್ರೆಯ ನರ್ಸ್ ಮಾತಾಡುತ್ತಿದ್ದಳು.

"ನಾನು ಒತ್ತಿದ್ದು ಅಲಾರಂನ ಹತ್ತು ನಿಮಿಷ ಸುಮ್ಮನಿರಿಸೋ ಗುಂಡಿ, ಮೇಡಂ. ಕರೆಂಟ್ ಹೋಗಿ ಬಂತು, ಅಲಾರಂ ಶುರುವಾಯ್ತು, ಪಕ್ಕದಲ್ಲಿ ಮಗು ಬೆಚ್ಚಿ ಅಳ್ತಿತ್ತು. ತಣ್ಣಗಾಗದಿದ್ರೆ ಮತ್ತೆ ಕೂಗುತ್ತಲ್ಲ ಅಂತ ವಾರ್ಡಿಗೆ ಹೋದೆ. ಫ್ರಿಜ್ ತೊಳೆಯುವಾಗ ಒತ್ತೋ ಮೂರು ಗಂಟೆ ಗುಂಡೀನೇ ಒತ್ತಿದ್ದೀಯ ಅಂತಿದ್ದಾರೆ. ಮಧ್ಯಾಹ್ನದೊಳಗೆ ಕೆಲಸದಿಂದ ತೆಗೀತಾರಂತೆ."

ಫೋನಿಟ್ಟ ಮೇಲೆ ಅತ್ತಿಗೆ, "ಗಾಬರೀಲಿ ಕೈತಪ್ಪಿರಬೇಕು ಪಾಪ. ನನ್ನ ಪ್ರೋಗ್ರಾಂ ಸರಿಯಾಗೇ ಇದೆ," ಎಂದಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಅತ್ತಿಗೆ."

"ಹೆಗ್ಗಣ ಅಂದ್ರೆ ನಿನ್ನ ಊಟಕ್ಕೂ ಕಲ್ಲು ಬೀಳುತ್ತೆ, ನೆನಪಿರಲಿ. ಅವಳ ಮಾತು ನಿಜವಾದ್ರೆ ನಮ್ಮ ಯಂತ್ರ ಆಸ್ಪತ್ರೆಯಿಂದ ಆಚೆ."

"ನೋಡೇ ಬಿಡೋಣ ಬನ್ನಿ."

ಅವನು ಹೋದ ತಿಂಗಳು ಆ ಯಂತ್ರದಲ್ಲಿ ಒಂದು ಸಾಫ್ಟ್‌ವೇರ್ ಸಾಧನ ಸೇರಿಸಿದ್ದ. ಮುಖ ಪರಿಚಯವಿಲ್ಲದ ಯಾರ್ಯಾರೋ ವರ್ಷಗಟ್ಟಲೆ ಕೂತು ಬರೆದು, ಬೇಕಾದವರು ಬಳಸಲಿ ಎಂದು ಪುಕ್ಕಟೆ ಬಿಟ್ಟದ್ದು. ಪ್ರೋಗ್ರಾಂ ಇಟ್ಟ ಪ್ರತಿ ಹೆಜ್ಜೆಯನ್ನೂ ಅದು ಹಿಡಿದಿಡುತ್ತಿತ್ತು. ಆಮೇಲೆ ಅದೇ ಹೆಜ್ಜೆಗಳಲ್ಲಿ ಹಿಂದಕ್ಕೂ ನಡೆಸುತ್ತಿತ್ತು. ಆಗ ಅತ್ತಿಗೆ, "ಏನೋ, ಸಿನಿಮಾ ತೆಗೀತಿದ್ದೀಯಾ?" ಎಂದು ನಕ್ಕಿದ್ದಳು.

ಅಲಾರಂ ಇನ್ನೆಷ್ಟು ಹೊತ್ತು ಸುಮ್ಮನಿರಬೇಕು ಎಂಬ ಲೆಕ್ಕ ಪ್ರೋಗ್ರಾಮಿನ ಒಂದು ಮೂಲೆಯಲ್ಲಿತ್ತು. ಮೈದುನ ಆಸ್ಪತ್ರೆಯ ಯಂತ್ರದಿಂದ ಬಂದ ನಿನ್ನೆಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದು, ಆ ಲೆಕ್ಕಕ್ಕೆ ಕಾವಲಿಟ್ಟ. "ಲೆಕ್ಕ ನಿಮಿಷದಿಂದ ಗಂಟೆಗೆ ಹಾರಿದ ಜಾಗದಲ್ಲಿ ಓಟ ನಿಲ್ಲುತ್ತೆ," ಎಂದು ಕೀಲಿ ಒತ್ತಿದ.

ನಿನ್ನೆಯ ಮಧ್ಯಾಹ್ನ ಹಿಂದಕ್ಕೆ ನಡೆಯತೊಡಗಿತು. ಬಿಸಿಯಾಗಿದ್ದ ಫ್ರಿಜ್ ಒಂದೊಂದೇ ಡಿಗ್ರಿ ತಣ್ಣಗಾಗುತ್ತ ಬಂತು. ಐದು ಗಂಟೆ ನಾಲ್ಕಾಯಿತು, ನಾಲ್ಕು ಮೂರಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳೇ ಅತ್ತಿಗೆ. ಒಡೆದದ್ದು ಕೂಡಿಕೊಳ್ಳುವುದನ್ನು ಈಗ ಕಣ್ಣಾರೆ ನೋಡುತ್ತಿದ್ದಳು. ಕೈಯಲ್ಲಿದ್ದ ಕಾಫಿ ಲೋಟ ಬಾಯಿಗೆ ಹೋಗುವುದನ್ನೇ ಮರೆತಿತ್ತು. ಕೆಳಗಿನ ಹೊಲಿಗೆ ಯಂತ್ರದ ಸದ್ದೂ ಅವಳಿಗೆ ಕೇಳಲಿಲ್ಲ.

ಓಟ ತಟ್ಟನೆ ನಿಂತಿತು.

ಅಲ್ಲಿ ಯಾವ ಗುಂಡಿಯೂ ಇರಲಿಲ್ಲ, ಯಾರ ಬೆರಳೂ ಇರಲಿಲ್ಲ. ಯಂತ್ರದ ಗಡಿಯಾರ ತಿದ್ದುವ, ಪ್ರೋಗ್ರಾಮಿನ ಒಂದು ಸಾಲಿತ್ತು. ಆ ಸಾಲಿನ ಈಚೆಗೆ ಲೆಕ್ಕ ಮೂರು ಗಂಟೆ ಆರು ನಿಮಿಷ, ಆಚೆಗೆ, ಅಂದರೆ ಅದಕ್ಕೂ ಮುಂಚೆ, ಬರೀ ಆರು ನಿಮಿಷ. ಇನ್ನೂ ಸ್ವಲ್ಪ ಹಿಂದೆ ಹೋದರೆ ನರ್ಸ್ ಒತ್ತಿದ ಗುಂಡಿ. ಹತ್ತು ನಿಮಿಷದ್ದೇ.

"ಅಯ್ಯೋ!" ಅತ್ತಿಗೆ ಎದ್ದು ನಿಂತಳು. "ಕರೆಂಟ್ ಬಂದಾಗ ಗಡಿಯಾರ ಕೆಟ್ಟು ಐದು ಗಂಟೆ ತೋರಿಸಿದೆ. ಐದೂ ಹತ್ತರ ತನಕ ಸುಮ್ಮನಿರು ಅಂತ ನನ್ನ ಪ್ರೋಗ್ರಾಂ ಬರ್ಕೊಂಡಿದೆ. ಅಷ್ಟರಲ್ಲಿ ಇಂಟರ್ನೆಟ್ ಸಿಕ್ಕಿ ಗಡಿಯಾರ ತಾನಾಗೇ ಸರಿಹೋಗಿದೆ, ಎರಡು ಗಂಟೆಗೆ ವಾಪಸ್ ಬಂದಿದೆ. ಪಾಪದ ಅಲಾರಂ ಐದೂ ಹತ್ತಕ್ಕೆ ಕಾಯ್ತಾ ಕೂತಿದೆ ಕಣೋ!"

ಮೈದುನ ಹೆಗ್ಗಣದ ಮಾತೆತ್ತಲಿಲ್ಲ.

"ಇನ್ನೊಂದ್ಸಲ ಹಿಂದಕ್ಕೆ ಓಡಿಸು," ಎಂದಳು ಅತ್ತಿಗೆ. ಅವನು ಓಡಿಸಿದ. ಅದೇ ಡಿಗ್ರಿಗಳು, ಅದೇ ಸಾಲು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ಇದನ್ನ ಮಾಡಿದ ಪುಣ್ಯಾತ್ಮರು ಯಾರೋ," ಎಂದು ಮೆಲ್ಲಗೆ ಹೇಳಿ, ಫೋನ್ ಎತ್ತಿಕೊಂಡು ಆಸ್ಪತ್ರೆಯ ಮೇಲ್ವಿಚಾರಕರಿಗೆ ಕರೆ ಮಾಡಿದಳು.

"ತಪ್ಪು ನನ್ನದು ಸರ್. ಸಿಸ್ಟರ್ ಒತ್ತಿದ್ದು ಸರಿಯಾದ ಗುಂಡಿ. ಬನ್ನಿ, ತೋರಿಸ್ತೀನಿ."

ನರ್ಸ್ ಮಧ್ಯಾಹ್ನದ ಪಾಳಿಗೆ ಕೆಲಸಕ್ಕೆ ಹಾಜರಾದಳು. ಸಂಜೆ ಆಸ್ಪತ್ರೆಯವರು ಫ್ರಿಜ್ಜಿನಿಂದ ಅತ್ತಿಗೆಯ ಯಂತ್ರವನ್ನು ಕಳಚಿಟ್ಟರು.